ಗಾಳಿಯ ಮಾಯಿಶ್ಚರ್ ಎಷ್ಟು?

(ದಾವಣಗೆರೆಯಲ್ಲಿ ಒಂದು ಭಾನುವಾರ ಬೆಳಗ್ಗೆ ವಿದ್ಯಾರ್ಥಿಗಳು, ರೈತರು, ಮೇಷ್ಟ್ರುಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಒಂದಿಷ್ಟು ಸೇರಿಸಿದ್ದೇನೆ.)

ನಿನ್ನೆ ಊರಿಗೆ ಬಂದ ಕೂಡಲೇ ಎಪಿಎಂಸಿ ಯಾರ್ಡಿಗೆ ಹೋಗಿದ್ದೆ. ಮೆಕ್ಕೆಜೋಳದ ಸುಗ್ಗಿ. ಎಲ್ಲಿ ನೋಡಿದರೂ ಹಳದಿ ರಾಶಿ. ಒಂದು ಅಂಗಡಿಯ ಮುಂದೆ ನಿಂತೆ. ಖರೀದಿಗೆ ಬಂದಿದ್ದ ಹಿರಿಯರೊಬ್ಬರು ರಾಶಿಯೊಳಗೆ ಮೊಣಕೈತನಕ ಕೈ ತೂರಿಸಿ, ಒಳಗಿನಿಂದ ಒಂದು ಹಿಡಿ ಕಾಳು ತೆಗೆದರು. ಮೂಸಿ ನೋಡಿದರು. ಒಂದು ಕಾಳನ್ನು ಹಲ್ಲಿಗಿಟ್ಟು ಕಚ್ಚಿದರು. ಕಟ್ ಅನ್ನಲಿಲ್ಲ, ಸ್ವಲ್ಪ ಮೆತ್ತಗೆ ಒಡೆಯಿತು. "ಹದಿನಾರು ಐತೆ ನೋಡಪ್ಪ" ಅಂದರು. ನೂರಕ್ಕೆ ಹದಿನಾರು ಪಾಲು ನೀರಿನಂಶ, ಯಾರ್ಡಿನ ಮಾತಲ್ಲಿ ಮಾಯಿಶ್ಚರ್, ಅಂತ ಅರ್ಥ. ಅಷ್ಟರಲ್ಲಿ ಹುಡುಗ ಮೀಟರ್ ತಂದ. ಬಟ್ಟಲಿಗೆ ಕಾಳು ತುಂಬಿ ಗುಂಡಿ ಒತ್ತಿದ. ಹದಿನೆಂಟು ತೋರಿಸಿತು. ರೈತನ ಮುಖ ಸಣ್ಣದಾಯಿತು. ಆದರೆ ಆ ಹಿರಿಯರು ಮೀಟರನ್ನೂ ಪೂರ್ತಿ ನಂಬಲಿಲ್ಲ. "ಬಿಸಿಲಾಗೆ ಕಾದೈತೆ ಕಾಳು, ಅದಕ್ಕೇ ಜಾಸ್ತಿ ತೋರಿಸ್ತೈತೆ" ಅಂದರು. ಇನ್ನೆರಡು ಕಡೆಯಿಂದ ಕಾಳು ತೆಗೆಸಿ, ನೆರಳಲ್ಲಿ ಆರಿಸಿ, ಮತ್ತೆ ಅಳೆಸಿದರು. ಈ ಸಲ ಹದಿನೇಳು. ಕೊನೆಗೆ ಹದಿನಾರೂವರೆ ಅಂತ ಮಾತಾಯಿತು.

ನಾನಿವತ್ತು ಹೇಳಬೇಕಿರುವ ವಿಷಯ ಮುಕ್ಕಾಲುಪಾಲು ಆ ಅಂಗಡಿಯ ಮುಂದೆಯೇ ನಡೆದುಹೋಯಿತು. ಆ ಹಿರಿಯರು ಕಾಳಿಗೆ ಮಾಡಿದ್ದನ್ನು ನಾವು ಗಾಳಿಗೆ ಮಾಡುತ್ತೇವೆ. ಗಾಳಿಯಲ್ಲಿ ನೀರಿನಂಶ ಎಷ್ಟಿದೆ, ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಅಂತ ಹುಡುಕುವ ಕೆಲಸ ಅದು. ಮೀಟರ್ ಇರುವುದು ಮಾತ್ರ ನೆಲದಿಂದ ಎಂಟುನೂರು ಕಿಲೋಮೀಟರ್ ಮೇಲೆ, ಉಪಗ್ರಹದಲ್ಲಿ. ಆ ಅಳತೆಯನ್ನು ಕಂಪ್ಯೂಟರಿನ ಹವಾಮಾನ ಮಾದರಿಗೆ ಸೇರಿಸುವ ಕೆಲಸದಲ್ಲೇ ನನ್ನ ಬಹುಪಾಲು ವರ್ಷಗಳು ಕಳೆದಿವೆ.

ಈ ಕೆಲಸಕ್ಕೆ ನಾನು ಯಾಕೆ ಬಂದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮದು ಜಗಳೂರು ಕಡೆಯ ಹಳ್ಳಿ. ನಾನು ಕಾಲೇಜಿನಲ್ಲಿದ್ದಾಗ ಒಂದು ವರ್ಷ ಬೆಳೆ ಚೆನ್ನಾಗಿ ಬಂದಿತ್ತು. ಅಪ್ಪ ಕಣದಲ್ಲಿ ಕಾಳು ಹರವಿದ್ದರು. ಒಣ ಹವೆ ಇರುತ್ತದೆ ಅಂತ ರೇಡಿಯೊದಲ್ಲಿ ಬಂದಿತ್ತು. ಅದನ್ನು ನಂಬಿ ರಾತ್ರಿ ತಾಡಪಾಲು ಹೊದಿಸದೆ ಮಲಗಿದೆವು. ಎರಡು ಗಂಟೆಗೆ ಮಳೆ ಹೊಡೆಯಿತು. ಎದ್ದು ಓಡುವಷ್ಟರಲ್ಲಿ ಅರ್ಧ ರಾಶಿ ನೀರಲ್ಲಿ ತೇಲುತ್ತಿತ್ತು. ಮೂರನೇ ದಿನಕ್ಕೆ ಕಾಳು ಬೂಸ್ಟು ಹಿಡಿಯಿತು. ಅಪ್ಪ ಯಾರನ್ನೂ ಬೈಯಲಿಲ್ಲ. "ಮ್ಯಾಲೆ ನೀರೈತೋ ಇಲ್ವೋ ಅಂತ ಅವರಿಗಾದ್ರೂ ಹೆಂಗ್ ಗೊತ್ತಾಗುತ್ತೆ ಬಿಡು" ಅಂದರು ಅಷ್ಟೆ. ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ.

ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ. ನಾಳೆ ಮಳೆ ಬರುತ್ತಾ ಅಂತ ನಾವೆಲ್ಲ ಕೇಳುತ್ತೇವೆ. ಇವತ್ತು ನೀರಾವಿ ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ. ಎರಡನೆಯದು ಗೊತ್ತಿಲ್ಲದೆ ಮೊದಲನೆಯದಕ್ಕೆ ಉತ್ತರ ಹೇಳುವುದು ಕಷ್ಟ.

ಲೆಕ್ಕ ಸರಿಯಿದ್ದರೂ ಶುರುವಿನ ಅಂಕಿ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕಸುಬಿನಲ್ಲಿ ಒಂದು ಹಳೆಯ ಕಥೆ ಇದೆ. ಲೂಯಿಸ್ ಫ್ರೈ ರಿಚರ್ಡ್‌ಸನ್ ಅಂತ ಇಂಗ್ಲೆಂಡಿನ ವಿಜ್ಞಾನಿ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಆಂಬುಲೆನ್ಸ್ ತಂಡದ ಜೊತೆ ಇದ್ದವರು. ಕಂಪ್ಯೂಟರ್ ಇಲ್ಲದ ಕಾಲ. ಬರೀ ಪೆನ್ನು ಕಾಗದ ಹಿಡಿದು ಹವೆಯ ಸಮೀಕರಣಗಳನ್ನು ಬಿಡಿಸಲು ಕೂತರು. 1910ರ ಮೇ 20ರ ಹವೆಯನ್ನು ತೆಗೆದುಕೊಂಡು, ಆರು ಗಂಟೆಯಲ್ಲಿ ಒತ್ತಡ ಎಷ್ಟು ಬದಲಾಗುತ್ತದೆ ಅಂತ ಲೆಕ್ಕ ಹಾಕಿದರು. ಉತ್ತರ ಬಂದದ್ದು 145 ಮಿಲಿಬಾರ್. ಆ ದಿನ ಒತ್ತಡ ನಿಜವಾಗಿ ಹೆಚ್ಚುಕಡಿಮೆ ಇದ್ದ ಹಾಗೇ ಇತ್ತು! ಅವರು ಆ ಸೋಲನ್ನು ಮುಚ್ಚಿಡಲಿಲ್ಲ. 1922ರಲ್ಲಿ ಇದ್ದದ್ದು ಇದ್ದ ಹಾಗೆ ಅಚ್ಚು ಹಾಕಿಸಿದರು. ಎಷ್ಟೋ ವರ್ಷಗಳ ನಂತರ ಬೇರೆಯವರು ಅದೇ ಲೆಕ್ಕವನ್ನು ಮತ್ತೆ ಮಾಡಿ ನೋಡಿದರು. ವಿಧಾನ ಸರಿಯಾಗೇ ಇತ್ತು. ಶುರುವಿಗೆ ಇಟ್ಟುಕೊಂಡ ಗಾಳಿ ಮತ್ತು ಒತ್ತಡದ ಅಂಕಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ರಿಚರ್ಡ್‌ಸನ್ ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಬಹಳ ಗೌರವ. ಆ ಸೋಲು ಅಚ್ಚಾಗದೆ ಹೋಗಿದ್ದರೆ ನಾವು ಇನ್ನೂ ಎಷ್ಟು ಕಾಲ ತಡಕಾಡುತ್ತಿದ್ದೆವೋ.

ಈಗ ನಮ್ಮ ಊರಿನ ಗಾಳಿಗೆ ಬರೋಣ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಅಲ್ಲಿಂದ ನೆಟ್ಟಗೆ ಅಳೆದರೆ ದಾವಣಗೆರೆ ನೂರೈವತ್ತು ಕಿಲೋಮೀಟರ್ ಕೂಡ ಇಲ್ಲ. ಇಲ್ಲಿ ಬೀಳುವುದು ಅದರ ಹತ್ತನೇ ಒಂದು ಪಾಲು. ಚಳ್ಳಕೆರೆ ಕಡೆಗೆ ಹೋದರೆ ಇನ್ನೂ ಕಡಿಮೆ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಅರಬ್ಬೀ ಸಮುದ್ರದಿಂದ ಹೊರಟ ನೀರಾವಿಯನ್ನು ಘಟ್ಟ ಹಿಂಡಿಕೊಂಡು, ಉಳಿದದ್ದನ್ನು ನಮಗೆ ಕಳಿಸುತ್ತದೆ. ಆ ಉಳಿದದ್ದು ಎಷ್ಟು ಅನ್ನುವುದರಲ್ಲಿ ಸ್ವಲ್ಪ ಲೆಕ್ಕ ತಪ್ಪಿದರೂ ಕರಾವಳಿಯವರಿಗೆ ಏನೂ ಆಗುವುದಿಲ್ಲ. ನಮಗೆ ಬಿತ್ತನೆಯ ಹದವೇ ತಪ್ಪಿಹೋಗುತ್ತದೆ. ಒಂದು ಎಕರೆಗೆ ಒಂದು ಮಿಲಿಮೀಟರ್ ಮಳೆ ಅಂದರೆ ಸುಮಾರು ನಾಲ್ಕು ಸಾವಿರ ಲೀಟರ್ ನೀರು. ಟ್ಯಾಂಕರಿನಲ್ಲಿ ನೀರು ತರಿಸಿದವರಿಗೆ ಆ ಲೆಕ್ಕ ಗೊತ್ತಿರುತ್ತದೆ.

ಮಳೆಗಾಲದಲ್ಲಿ ಕರಾವಳಿಯ ಮೇಲಿನ ಗಾಳಿಯ ನೀರಾವಿಯನ್ನೆಲ್ಲ ಒಟ್ಟಿಗೆ ಹಿಂಡಿದರೆ ಐದಾರು ಸೆಂಟಿಮೀಟರ್ ನೀರು ಸಿಗುತ್ತದೆ, ಅಷ್ಟೇ. ಹಾಗಾದರೆ ಒಂದೇ ದಿನಕ್ಕೆ ಇಪ್ಪತ್ತು ಸೆಂಟಿಮೀಟರ್ ಮಳೆ ಎಲ್ಲಿಂದ ಬರುತ್ತದೆ? ಸುತ್ತಲಿನ ಗಾಳಿ ನೀರಾವಿಯನ್ನು ಹೊತ್ತು ತಂದು ಒಂದೇ ಕಡೆ ಸುರಿಯುತ್ತಲೇ ಇರಬೇಕು. ಇನ್ನೊಂದು ವಿಷಯ. ನೀರಾವಿ ಮೋಡವಾಗುವಾಗ ಒಂದು ಕಿಲೋಗೆ ಸುಮಾರು 25 ಲಕ್ಷ ಜೂಲ್ ಶಾಖ ಬಿಟ್ಟುಕೊಡುತ್ತದೆ. ಆ ಶಾಖವೇ ಗುಡುಗು ಮೋಡವನ್ನು ಮೇಲಕ್ಕೆ ತಳ್ಳುವುದು. ಚಂಡಮಾರುತಕ್ಕೂ ಅದೇ ಸೌದೆ. ಅಂದರೆ ನೀರಾವಿ ಮಳೆಯ ಸರಕೂ ಹೌದು, ಒಲೆಯ ಉರಿಯೂ ಹೌದು.

ಇಷ್ಟು ಮುಖ್ಯವಾದದ್ದು ಕಣ್ಣಿಗೆ ಕಾಣುವುದಿಲ್ಲ ಅನ್ನುವುದೇ ಕಷ್ಟ. ಮೋಡ ಕಾಣುತ್ತದೆ, ಮಂಜು ಕಾಣುತ್ತದೆ. ಅವೆರಡೂ ಆವಿ ಅಲ್ಲ, ಆಗಲೇ ಹನಿಯಾದ ನೀರು. ನಿಜವಾದ ನೀರಾವಿ ಗಾಜಿನಷ್ಟು ತಿಳಿ. ಅದು ಇರುವುದು ನಮಗೆ ಬೇರೆ ದಾರಿಯಿಂದ ಗೊತ್ತಾಗುತ್ತದೆ. ಡಬ್ಬಿಯ ಮುಚ್ಚಳ ಸಡಿಲ ಬಿಟ್ಟರೆ ಮಂಡಕ್ಕಿ ಮೆತ್ತಗಾಗುತ್ತದೆ, ಅಲ್ವಾ? ಉಪ್ಪು ಒದ್ದೆಯಾಗುತ್ತದೆ. ಈ ಊರಿನ ಹತ್ತಿ ಮಿಲ್ಲುಗಳಲ್ಲಿ ದುಡಿದ ಹಿರಿಯರು ಇಲ್ಲಿದ್ದರೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಗಾಳಿ ಒಣಗಿದರೆ ನೂಲು ಪಟಪಟ ಹರಿಯುತ್ತದೆ. ಅದಕ್ಕೇ ಮಿಲ್ಲಿನೊಳಗೆ ಬೇಕಂತಲೇ ತೇವ ತುಂಬುತ್ತಿದ್ದರು.

ಮೇಲಿನ ಗಾಳಿಯನ್ನು ಅಳೆಯುವ ಹಳೆಯ ದಾರಿ ಬಲೂನು. ಹೈಡ್ರೊಜನ್ ತುಂಬಿ, ಅದಕ್ಕೊಂದು ಸಣ್ಣ ಪೆಟ್ಟಿಗೆ ಕಟ್ಟಿ ಬಿಡುತ್ತಾರೆ. ಏರುತ್ತಾ ಹೋದಂತೆ ಉಷ್ಣಾಂಶ, ತೇವಾಂಶ, ಗಾಳಿಯ ದಿಕ್ಕು ಎಲ್ಲ ರೇಡಿಯೊದಲ್ಲಿ ಕಳಿಸುತ್ತದೆ. ಬಹಳ ನಂಬಿಕೆಯ ಅಳತೆ. ಆದರೆ ನಮಗೆ ಹತ್ತಿರದ ಕೇಂದ್ರಗಳು ಅಂದರೆ ಬೆಂಗಳೂರು, ಮಂಗಳೂರು, ಗೋವಾ. ಬಲೂನು ಬಿಡುವ ನಿಗದಿತ ಹೊತ್ತು ಬೆಳಗ್ಗೆ ಐದೂವರೆ, ಸಂಜೆ ಐದೂವರೆ. ಆ ಊರುಗಳ ನಡುವಿನ ಜಾಗವೆಲ್ಲ ಖಾಲಿ. ಸಮುದ್ರದ ಮೇಲಂತೂ ಬಲೂನು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಮಳೆ ಹುಟ್ಟುವುದೇ ಸಮುದ್ರದ ಮೇಲೆ!

ಟಿವಿಯಲ್ಲಿ ಮೋಡದ ಚಿತ್ರ ನೋಡಿರುತ್ತೀರಿ. ಇನ್ಸಾಟ್ ಉಪಗ್ರಹ ಶಾಖದ ಕಿರಣದಲ್ಲಿ ತೆಗೆದ ಇನ್‌ಫ್ರಾರೆಡ್ ಚಿತ್ರ ಅದು. ಬಹಳ ಉಪಯೋಗದ್ದು, ಅರ್ಧ ಗಂಟೆಗೊಮ್ಮೆ ಸಿಗುತ್ತದೆ. ಆದರೆ ಅದಕ್ಕೊಂದು ಮಿತಿ. ಜ್ವರ ಬಂದವನು ಚಳ್ಳಕೆರೆ ಕಂಬಳಿ ಹೊದ್ದು ಮಲಗಿದ್ದಾನೆ ಅಂದುಕೊಳ್ಳಿ. ನೀವು ಕಂಬಳಿಯ ಮೇಲೆ ಕೈಯಿಟ್ಟು ಜ್ವರ ನೋಡುತ್ತೀರಿ. ನಿಮಗೆ ಗೊತ್ತಾಗುವುದು ಕಂಬಳಿಯ ಬಿಸಿ. ಮೋಡ ದಟ್ಟವಾಗಿದ್ದರೆ ಇನ್‌ಫ್ರಾರೆಡ್‌ಗೆ ಕಾಣುವುದು ಮೋಡದ ತಲೆ ಮಾತ್ರ. ಕಂಬಳಿಯ ಒಳಗೆ ಕೈ ಹಾಕುವುದು ಮೈಕ್ರೋವೇವ್.

ಮೈಕ್ರೋವೇವ್ ಅಂದ ಕೂಡಲೇ ಅಡುಗೆಮನೆಯ ಓವನ್ ನೆನಪಾಗುತ್ತದೆ. ಇಲ್ಲಿ ಉಪಗ್ರಹ ಏನನ್ನೂ ಕೆಳಕ್ಕೆ ಬಿಡುವುದಿಲ್ಲ. ಸುಮ್ನೆ ಕಿವಿಗೊಟ್ಟು ಕೇಳುತ್ತದೆ. ಬಿಸಿ ಇರುವ ಎಲ್ಲ ವಸ್ತುವೂ ಸಣ್ಣಗೆ ಮೈಕ್ರೋವೇವ್ ಹೊರಸೂಸುತ್ತಲೇ ಇರುತ್ತದೆ. ನೆಲ, ಸಮುದ್ರ, ಗಾಳಿ, ನೀವು, ನಾನು, ಎಲ್ಲವೂ. ನೀರಿನ ಅಣುವಿಗೆ ಒಂದು ವಿಶೇಷ ಇದೆ. ಅದರ ಒಂದು ತುದಿಗೆ ಸ್ವಲ್ಪ ಪ್ಲಸ್, ಇನ್ನೊಂದು ತುದಿಗೆ ಸ್ವಲ್ಪ ಮೈನಸ್. ಆವಿಯಲ್ಲಿ ಅದು ಗಿರಗಿರ ತಿರುಗುವಾಗ ಕೆಲವೇ ಕೆಲವು ಕಂಪನಗಳನ್ನು ಹೀರುತ್ತದೆ, ಅವನ್ನೇ ಸೂಸುತ್ತದೆ. 22 ಗಿಗಾಹರ್ಟ್ಸ್ (ಒಂದು ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ ನೂರು ಕೋಟಿ ಕಂಪನ) ಹತ್ತಿರ ಒಂದು, ಮೆಲುದನಿಯದು. 183.31 ಗಿಗಾಹರ್ಟ್ಸ್‌ನಲ್ಲಿ ಇನ್ನೊಂದು, ಜೋರಾದದ್ದು. ಈ ಎರಡನೆಯದರ ಅಲೆಯ ಉದ್ದ ಸುಮಾರು 1.6 ಮಿಲಿಮೀಟರ್. ಒಂದು ರಾಗಿ ಕಾಳಿನಷ್ಟು ಅನ್ನಿ. ಯಾರ್ಡಿನ ಮೀಟರಿಗೂ ಇದೇ ನೀರಿನ ಗುಣವೇ ಆಧಾರ. ಪ್ಲಸ್ಸು ಮೈನಸ್ಸಿನ ಆ ಸ್ವಭಾವದಿಂದಲೇ ಹಸಿ ಕಾಳು ಕರೆಂಟಿಗೆ ಒಂದು ಥರ ಸ್ಪಂದಿಸುತ್ತದೆ, ಒಣ ಕಾಳು ಇನ್ನೊಂದು ಥರ. ಮೀಟರ್ ನೀರನ್ನು ನೇರವಾಗಿ ಅಳೆಯುವುದಿಲ್ಲ. ಈ ವ್ಯತ್ಯಾಸ ನೋಡಿ ನೀರೆಷ್ಟು ಅಂತ ಊಹಿಸುತ್ತದೆ.

ಒಂದೇ ಕಂಪನದಿಂದ ಬೇರೆ ಬೇರೆ ಎತ್ತರದ ನೀರಾವಿ ಹೇಗೆ ಗೊತ್ತಾಗುತ್ತದೆ? ನನಗೆ ಬಹಳ ಇಷ್ಟದ ಭಾಗ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹಳೆಯ ರೇಡಿಯೊದಲ್ಲಿ ಚಿತ್ರದುರ್ಗ ಆಕಾಶವಾಣಿ ಹಿಡಿಯುವಾಗ ಮುಳ್ಳು ನಟ್ಟನಡುವೆ ಬಂದರೆ ಜೋರಾಗಿ ಕೇಳುತ್ತಿತ್ತು, ಆಚೀಚೆ ಸರಿದರೆ ಮೆತ್ತಗಾಗುತ್ತಿತ್ತು. ಹಾಗೇ 183.31ರ ನಟ್ಟನಡುವೆ ನೀರಾವಿ ಎಷ್ಟು ಬಲವಾಗಿ ಹೀರುತ್ತದೆ ಅಂದರೆ, ಮೇಲಿನಿಂದ ನೋಡುವ ಉಪಗ್ರಹಕ್ಕೆ ಮೇಲ್ಪದರದ ಆವಿಯೇ ಗೋಡೆಯಾಗಿ ನಿಲ್ಲುತ್ತದೆ. ಮುಳ್ಳನ್ನು ಸ್ವಲ್ಪ ಆಚೆ ಸರಿಸಿದರೆ ಹೀರಿಕೆ ಕಡಿಮೆ, ನೋಟ ಇನ್ನೊಂದು ಪದರ ಕೆಳಗೆ ಇಳಿಯುತ್ತದೆ. ಇನ್ನೂ ಸರಿಸಿದರೆ ಇನ್ನೂ ಕೆಳಗೆ. ದುರ್ಗದ ಏಳು ಸುತ್ತಿನ ಕೋಟೆಯ ಹಾಗೆ. ಮುಳ್ಳು ನಿಲ್ಲಿಸುವ ಒಂದೊಂದು ಜಾಗಕ್ಕೆ ಚಾನೆಲ್ ಅನ್ನುತ್ತೇವೆ. ಒಂದೊಂದು ಚಾನೆಲ್ ಒಂದೊಂದು ಸುತ್ತಿನ ತನಕ ಹೋಗಿ ನಿಲ್ಲುತ್ತದೆ. ಎಲ್ಲ ಸೇರಿಸಿ ನೋಡಿದರೆ ಮೇಲಿನಿಂದ ಕೆಳಗಿನವರೆಗೆ ತೇವಾಂಶದ ಅಂದಾಜು ಸಿಗುತ್ತದೆ.

ಇಲ್ಲೊಂದು ತಲೆಕೆಳಗಾದ ವಿಷಯ ಇದೆ. ಈ ಚಾನೆಲ್‌ಗಳಲ್ಲಿ ಗಾಳಿ ಜಾಸ್ತಿ ತೇವವಾದಷ್ಟೂ ಉಪಗ್ರಹಕ್ಕೆ ತಣ್ಣಗೆ ಕಾಣುತ್ತದೆ. ಯಾಕೆ? ಆವಿ ಹೆಚ್ಚಿದ್ದರೆ ನೋಟ ಮೇಲೇ ತಡೆದುಹೋಗುತ್ತದೆ, ಮೇಲಿನ ಗಾಳಿ ತಂಪು. ಆವಿ ಕಡಿಮೆಯಿದ್ದರೆ ನೋಟ ಕೆಳಗಿನ ಬೆಚ್ಚನೆಯ ಗಾಳಿಯವರೆಗೆ ಹೋಗುತ್ತದೆ. ಜೋಗಿಮಟ್ಟಿಯ ಮೇಲೆ ಬೆಳಗಿನ ಮಂಜಿನಲ್ಲಿ ನಿಂತವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಂಜು ದಟ್ಟವಾಗಿದ್ದರೆ ಕಾಲ ಕೆಳಗಿನ ಗಿಡವಷ್ಟೇ ಕಾಣುತ್ತದೆ, ತೆಳುವಾದರೆ ಊರೇ ಕಾಣುತ್ತದೆ. ಗಾಳಿಯ ಉಷ್ಣಾಂಶ ಎಷ್ಟು ಅಂತ ಗೊತ್ತಿಲ್ಲದೆ ಈ ಲೆಕ್ಕ ಆಗುವುದಿಲ್ಲ. ಅದಕ್ಕೆ ಆಮ್ಲಜನಕದ ಕಂಪನ, 50ರಿಂದ 60 ಗಿಗಾಹರ್ಟ್ಸ್, ನೆರವಿಗೆ ಬರುತ್ತದೆ.

ಈ ದಾರಿಯಲ್ಲಿ ನಮ್ಮ ದೇಶ ಬೇಗನೇ ಹೆಜ್ಜೆ ಇಟ್ಟಿತ್ತು ಅನ್ನುವುದನ್ನು ಇಲ್ಲಿನ ವಿದ್ಯಾರ್ಥಿಗಳು ತಿಳಿದಿರಬೇಕು. 1979ರ ಜೂನ್ 7ರಂದು ಹಾರಿದ ಭಾಸ್ಕರ ಉಪಗ್ರಹದಲ್ಲೇ 'ಸಮೀರ್' ಅನ್ನುವ ಮೈಕ್ರೋವೇವ್ ಉಪಕರಣ ಇತ್ತು. 19 ಮತ್ತು 22 ಗಿಗಾಹರ್ಟ್ಸ್‌ನಲ್ಲಿ ಸಮುದ್ರದ ಮೇಲಿನ ನೀರಾವಿಯನ್ನು ನೋಡುತ್ತಿತ್ತು. ಆರ್ಯಭಟ ಹಾರಿ ಇನ್ನೂ ನಾಲ್ಕು ವರ್ಷವಾಗಿತ್ತಷ್ಟೆ. ಆಮೇಲೆ 2011ರ ಅಕ್ಟೋಬರ್ 12ರಂದು ಶ್ರೀಹರಿಕೋಟದಿಂದ 'ಮೇಘಾ-ಟ್ರಾಪಿಕ್ಸ್' ಹೋಯಿತು. ಇಸ್ರೋ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಕೂಡಿ ಮಾಡಿದ್ದು. ಅದರಲ್ಲಿದ್ದ 'ಸಫೀರ್' ಅನ್ನುವ ಉಪಕರಣಕ್ಕೆ 183 ಗಿಗಾಹರ್ಟ್ಸ್ ಸುತ್ತ ಆರು ಚಾನೆಲ್. ಇಂಥ ಉಪಕರಣ ಹೊತ್ತ ಬೇರೆ ಉಪಗ್ರಹಗಳು ಹೆಚ್ಚಾಗಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತವೆ, ಒಂದೊಂದು ಉಪಗ್ರಹ ನಮ್ಮ ತಲೆಯ ಮೇಲೆ ದಿನಕ್ಕೆ ಸುಮಾರು ಎರಡು ಸಲ ಹಾಯುತ್ತದೆ. ಮೇಘಾ-ಟ್ರಾಪಿಕ್ಸ್ ಸಮಭಾಜಕಕ್ಕೆ ಬರೀ 20 ಡಿಗ್ರಿ ಓರೆಯಾಗಿ, ಉಷ್ಣವಲಯದ ಮೇಲೇ ಸುತ್ತುತ್ತಿತ್ತು. ಒಂದೇ ಜಾಗವನ್ನು ದಿನಕ್ಕೆ ಹಲವು ಸಲ ನೋಡುತ್ತಿತ್ತು. ನೋಯಿಡಾದ ರಾಷ್ಟ್ರೀಯ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರ, ಯುರೋಪಿನ ದೇಶಗಳು ಕೂಡಿ ನಡೆಸುವ ಹವಾಮಾನ ಮುನ್ಸೂಚನಾ ಕೇಂದ್ರ, ಬ್ರಿಟನ್ನಿನ ಹವಾಮಾನ ಇಲಾಖೆ, ಎಲ್ಲರೂ ಸಫೀರ್ ಅಳತೆಯನ್ನು ತಮ್ಮ ಮಾದರಿಗೆ ಸೇರಿಸಿಕೊಂಡರು. 2023ರ ಮಾರ್ಚ್ 7ರಂದು ಇಸ್ರೋದವರು ಅದನ್ನು ಜೋಪಾನವಾಗಿ ಕೆಳಗಿಳಿಸಿ ಪೆಸಿಫಿಕ್ ಸಾಗರದ ಮೇಲೆ ಕೊನೆಗೊಳಿಸಿದರು. ಆ ಸುದ್ದಿ ಓದಿದ ದಿನ ಮನೆಯ ಎತ್ತು ಹೋದ ಹಾಗಾಗಿತ್ತು ನನಗೆ.

ಸರಿ, ಮೀಟರ್ ಸಿಕ್ಕಿತು. ಅದರ ಅಳತೆಯನ್ನು ಮಾದರಿಗೆ ಸೇರಿಸುವುದು ಹೇಗೆ?

ಮಾದರಿ ಅಂದರೆ ಕಂಪ್ಯೂಟರಿನೊಳಗೆ ಕಟ್ಟಿದ ಇನ್ನೊಂದು ವಾತಾವರಣ. ಭೂಮಿಯನ್ನೆಲ್ಲ ಚೌಕ ಚೌಕ ಮಾಡಿ, ಪ್ರತಿ ಚೌಕದ ಮೇಲೂ ಪದರ ಪದರವಾಗಿ ಗಾಳಿ, ಬಿಸಿ, ತೇವ, ಒತ್ತಡದ ಅಂಕಿ ಇಟ್ಟಿರುತ್ತಾರೆ. ನಮ್ಮ ದೇಶದ ಜಾಗತಿಕ ಮಾದರಿಗಳಲ್ಲಿ ಒಂದು ಚೌಕ 12 ಕಿಲೋಮೀಟರ್ ಇತ್ತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಕಟ್ಟಿದ, 2025ರ ಮೇ ತಿಂಗಳಲ್ಲಿ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆಯಲ್ಲಿ ಅದು 6 ಕಿಲೋಮೀಟರಿಗೆ ಇಳಿದಿದೆ. ಮಾದರಿ ಯಾವತ್ತೂ ಖಾಲಿ ಕೈಯಲ್ಲಿ ಶುರು ಮಾಡುವುದಿಲ್ಲ. ಆರು ಗಂಟೆ ಹಿಂದೆ ತಾನೇ ಹೇಳಿದ ಮುನ್ಸೂಚನೆ ಅದರ ಕೈಯಲ್ಲಿರುತ್ತದೆ. ಅದೇ ಆ ಹಿರಿಯರ ಹಲ್ಲಿನ ಅಂದಾಜು, 'ಹದಿನಾರು ಐತೆ' ಅನ್ನುವುದು. ಉಪಗ್ರಹದ ಅಳತೆ ಅಂದರೆ ಮೀಟರ್. ಎರಡರಲ್ಲಿ ಯಾವುದನ್ನು ಎಷ್ಟು ನಂಬಬೇಕು ಅಂತ ತೂಗಿ, ನಡುವೆ ಒಂದು ಅಂಕಿಗೆ ಬರುವುದೇ ನಮ್ಮ ಕೆಲಸ. ಬೇಕಾಬಿಟ್ಟಿ ನಡುವೆ ಅಲ್ಲ. ಅಂದಾಜು ಹಿಂದೆ ಎಷ್ಟು ಸಲ ಎಷ್ಟು ತಪ್ಪಿದೆ, ಮೀಟರ್ ಎಷ್ಟು ತಪ್ಪುತ್ತದೆ, ಅದನ್ನೆಲ್ಲ ಲೆಕ್ಕವಿಟ್ಟು ತೂಗುವುದು.

ಮೊದಮೊದಲು ಉಪಗ್ರಹದ ಅಳತೆಯನ್ನು ತೇವಾಂಶದ ಅಂಕಿಗೆ ಬದಲಾಯಿಸಿ, ಆಮೇಲೆ ಮಾದರಿಗೆ ಕೊಡುತ್ತಿದ್ದರು. ಹಾಗೆ ಬದಲಾಯಿಸುವಾಗ ಹತ್ತಾರು ಊಹೆ ನುಸುಳುತ್ತಿತ್ತು. 1990ರ ದಶಕದಲ್ಲಿ ಇದನ್ನು ತಿರುಗಿಸಿ ಹಾಕಿದರು. ಈಗ ಮಾದರಿಯನ್ನೇ ಕೇಳುತ್ತೇವೆ: "ನಿನ್ನ ಗಾಳಿ ನಿಜವಾಗಿದ್ದರೆ ಮೀಟರ್ ಎಷ್ಟು ತೋರಿಸಬೇಕಿತ್ತು?" ಮಾದರಿ ಲೆಕ್ಕ ಹಾಕಿ ಹೇಳುತ್ತದೆ, 251 ಕೆಲ್ವಿನ್ ಅಂತ. ಕೆಲ್ವಿನ್ ಅಂದರೆ ಉಷ್ಣಾಂಶದ ಒಂದು ಅಳತೆ. ಉಪಗ್ರಹ ನೋಡಿದ್ದು 247. ನಾಲ್ಕು ಡಿಗ್ರಿ ತಣ್ಣಗೆ. ಅಂದರೆ ಅಲ್ಲಿ ಮಾದರಿ ಅಂದುಕೊಂಡದ್ದಕ್ಕಿಂತ ಜಾಸ್ತಿ ತೇವ ಇದೆ. ಮಾದರಿ ತನ್ನ ಗಾಳಿಯನ್ನು ಅಷ್ಟರ ಮಟ್ಟಿಗೆ ತಿದ್ದಿಕೊಳ್ಳುತ್ತದೆ. ಇಂಥ ಲಕ್ಷಗಟ್ಟಲೆ ಪ್ರಶ್ನೆ ಪ್ರತಿ ಸುತ್ತಿನಲ್ಲೂ ನಡೆಯುತ್ತದೆ. ಬಿಸಿಲಿಗೆ ಕಾದ ಕಾಳಿನ ತಪ್ಪನ್ನು ಆ ಹಿರಿಯರು ಕಳೆದರಲ್ಲ, ಹಾಗೆ ಉಪಕರಣದ ಕಾಯಂ ತಪ್ಪನ್ನೂ ಮೊದಲೇ ಕಳೆದಿರುತ್ತಾರೆ.

ತೇವಾಂಶ ಅಳೆದರೆ ಗಾಳಿಯ ಓಟವೂ ಗೊತ್ತಾಗುತ್ತದೆ. ಇದು ಮೊದಲ ಸಲ ಅರ್ಥವಾದಾಗ ನನಗೆ ರೋಮಾಂಚನವಾಗಿತ್ತು. ಭದ್ರಾ ನಾಲೆಯ ಒಂದು ಸೇತುವೆಯ ಮೇಲೆ ನಿಂತು ತೇಲುವ ಎಲೆಯೊಂದನ್ನು ನೋಡುತ್ತೀರಿ. ಸ್ವಲ್ಪ ಹೊತ್ತಿಗೆ ಮುಂದಿನ ಸೇತುವೆಯಲ್ಲಿ ಅದೇ ಎಲೆ ಕಾಣುತ್ತದೆ. ನೀರಿನ ವೇಗವನ್ನು ನೀವು ಅಳೆದೇ ಇಲ್ಲ. ಆದರೂ ನಿಮಗೆ ಅದು ಗೊತ್ತಾಯಿತು. ಈಗಿನ ವಿಧಾನದಲ್ಲಿ ಒಂದು ಕ್ಷಣದ ಅಳತೆಯನ್ನಲ್ಲ, ಆರು ಅಥವಾ ಹನ್ನೆರಡು ಗಂಟೆಯ ಅಳತೆಗಳನ್ನೆಲ್ಲ ಒಟ್ಟಿಗೆ ಹಿಡಿದು, ಅವೆಲ್ಲಕ್ಕೂ ಹೊಂದುವ ಓಟ ಯಾವುದು ಅಂತ ಮಾದರಿ ಹುಡುಕುತ್ತದೆ. ನೀರಾವಿಯ ಒಂದು ತೇಪೆ ಲಕ್ಷದ್ವೀಪದ ಹತ್ತಿರ ಇದ್ದದ್ದು ಮಧ್ಯಾಹ್ನಕ್ಕೆ ಕಾರವಾರದ ಕಡೆ ಸರಿದಿದ್ದರೆ, ಅದನ್ನು ತಂದ ಗಾಳಿಯ ಓಟವನ್ನೂ ಮಾದರಿ ತಿದ್ದಿಕೊಳ್ಳುತ್ತದೆ.

ಇನ್ನು ಮೋಡದ ವಿಷಯ. ಬಹಳ ಕಾಲ ನಮ್ಮ ಕ್ಷೇತ್ರದವರು ಒಂದು ಕೆಲಸ ಮಾಡುತ್ತಿದ್ದರು. ದಟ್ಟ ಮೋಡ, ಮಳೆ ಇರುವ ಕಡೆಯ ಮೈಕ್ರೋವೇವ್ ಅಳತೆಗಳನ್ನು ಎಸೆದುಬಿಡುತ್ತಿದ್ದರು. ತಿಳಿ ಆಕಾಶದ್ದು, ತೆಳು ಮೋಡದ್ದು ಮಾತ್ರ ಇಟ್ಟುಕೊಳ್ಳುತ್ತಿದ್ದರು. ಯೋಚನೆ ಮಾಡಿ, ಮುಂಗಾರಿನಲ್ಲಿ ನಮ್ಮ ಕಡೆ ತಿಳಿ ಆಕಾಶ ಎಷ್ಟು ಸಿಗುತ್ತದೆ? ಮಳೆ ಎಲ್ಲಿ ನಡೆಯುತ್ತಿದೆಯೋ ಅಲ್ಲಿಯ ಸಾಕ್ಷಿಯನ್ನೇ ಹೊರಗೆ ಕಳಿಸಿ ಪಂಚಾಯ್ತಿ ಮಾಡಿದ ಹಾಗೆ ಅದು. ಅವರು ಸೋಮಾರಿಗಳಾಗಿ ಹಾಗೆ ಮಾಡಲಿಲ್ಲ, ನಿಜವಾದ ತೊಡಕಿತ್ತು. ಗುಡುಗು ಮೋಡದ ಮೇಲ್ಭಾಗದಲ್ಲಿ ಹಿಮದ ಹರಳು, ಸಣ್ಣ ಆಲಿಕಲ್ಲು ಇರುತ್ತವೆ. ಅವುಗಳ ಗಾತ್ರವೂ ಹೆಚ್ಚುಕಡಿಮೆ ಆ ರಾಗಿ ಕಾಳಿನ ಅಲೆಯಷ್ಟೇ. ಹಾಗಾಗಿ ಕೆಳಗಿನಿಂದ ಬರುವ ಅಲೆಯನ್ನು ಅವು ಎತ್ತೆತ್ತಲೋ ಚೆದುರಿಸುತ್ತವೆ. ಉಪಗ್ರಹಕ್ಕೆ ಅಲ್ಲೊಂದು ತಣ್ಣನೆಯ ಗುಂಡಿ ಇದ್ದ ಹಾಗೆ ಕಾಣುತ್ತದೆ. ಹರಳಿನ ಆಕಾರ, ಗಾತ್ರ ಗೊತ್ತಿಲ್ಲದೆ ಆ ಲೆಕ್ಕ ಬಲು ಕಷ್ಟ. ಇನ್ನೊಂದು ತೊಡಕು, ಮಾದರಿ ಮೋಡವನ್ನು ಹರಿಹರದ ಮೇಲೆ ಇಟ್ಟಿರುತ್ತದೆ, ನಿಜವಾದ ಮೋಡ ಹೊನ್ನಾಳಿಯ ಮೇಲಿರುತ್ತದೆ. ಆಗ ಹರಿಹರದಲ್ಲೂ ತಪ್ಪು, ಹೊನ್ನಾಳಿಯಲ್ಲೂ ತಪ್ಪು. ಎರಡು ದೊಡ್ಡ ತಪ್ಪು ನೋಡಿ ಮಾದರಿ ಕಂಗಾಲಾಗಿ ಅತಿಯಾಗಿ ತಿದ್ದಿಕೊಳ್ಳುತ್ತಿತ್ತು.

ಯುರೋಪಿನ ಕೇಂದ್ರದಲ್ಲಿ ಆಲನ್ ಗೀರ್, ಪೀಟರ್ ಬೌವರ್ ಮತ್ತು ಅವರ ಜೊತೆಯವರು ಇದಕ್ಕೆ ಕಂಡುಕೊಂಡ ದಾರಿ ಕೇಳಲು ಸರಳ. ಉಪಗ್ರಹ ಮೋಡ ನೋಡಿತೋ, ಮಾದರಿ ಮೋಡ ಇಟ್ಟಿದೆಯೋ, ಎರಡನ್ನೂ ಕೂಡಿಸಿ ಸರಾಸರಿ ತೆಗೆಯಿರಿ. ಆ ಸರಾಸರಿ ಜಾಸ್ತಿಯಿದ್ದ ಕಡೆ ಅಳತೆಯನ್ನು ಸ್ವಲ್ಪ ಕಡಿಮೆ ನಂಬಿ. ಆದರೆ ಎಸೆಯಬೇಡಿ. ಇಷ್ಟೇ. ಈ 'ಸ್ವಲ್ಪ ಕಡಿಮೆ ನಂಬಿ, ಎಸೆಯಬೇಡಿ' ಅನ್ನುವುದು ನಮ್ಮ ಕ್ಷೇತ್ರದಲ್ಲಿ ದೊಡ್ಡ ತಿರುವು. 2009ರಲ್ಲಿ ಅಲ್ಲಿ ಬೇರೆ ಮೈಕ್ರೋವೇವ್ ಉಪಕರಣಗಳಿಗೆ ಈ ಕ್ರಮ ಪೂರ್ತಿಯಾಗಿ ಬಂತು. ಮುಂದಿನ ವರ್ಷಗಳಲ್ಲಿ 183 ಗಿಗಾಹರ್ಟ್ಸ್ ಚಾನೆಲ್‌ಗಳಿಗೂ ಬಂತು. ಈಗ ಅಲ್ಲಿನ ಮುನ್ಸೂಚನೆಗೆ ಅತಿ ಹೆಚ್ಚು ನೆರವಾಗುವ ಅಳತೆಗಳ ಸಾಲಿನಲ್ಲಿ ಈ ತೇವಾಂಶದ ಅಳತೆಗಳೂ ನಿಂತಿವೆ. ಒಂದು ಕಾಲಕ್ಕೆ ಕಸದ ಬುಟ್ಟಿಗೆ ಹೋಗುತ್ತಿದ್ದ ಅಳತೆಗಳು ಅವು.

ಮಿತಿಗಳನ್ನೂ ಹೇಳಬೇಕು. ನಮ್ಮ ಕಡೆಯ ದೊಡ್ಡ ತೊಡಕು ನೆಲ. ಸಮುದ್ರದ ಮೈ ಮೈಕ್ರೋವೇವಿಗೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ, ಗಾಳಿ ಎಷ್ಟಿದೆ ಅಂತ ಗೊತ್ತಿದ್ದರೆ ಲೆಕ್ಕಕ್ಕೆ ಸಿಗುತ್ತದೆ. ನೆಲ ಹಾಗಲ್ಲ. ದುರ್ಗದ ಬಂಡೆ ಒಂದು ಥರ, ಎರೆಹೊಲ ಇನ್ನೊಂದು ಥರ. ನಿನ್ನೆ ಒಣಗಿದ್ದ ಹೊಲ ಇವತ್ತು ಮಳೆಗೆ ನೆನೆದರೆ ಮತ್ತೊಂದು ಥರ. ಹಾಗಾಗಿ ನೆಲಕ್ಕೆ ಹತ್ತಿರದ ತೇವವನ್ನು ನೋಡುವ ಚಾನೆಲ್‌ಗಳನ್ನು ಭೂಮಿಯ ಮೇಲೆ ಬಳಸುವುದು ಈಗಲೂ ಕಷ್ಟ. ನೀರಾವಿಯ ಬಹುಪಾಲು ಇರುವುದೇ ಕೆಳಗಿನ ಎರಡು ಮೂರು ಕಿಲೋಮೀಟರಿನಲ್ಲಿ! ನೆಲದ ಪ್ರಭಾವ ಜಾಸ್ತಿ ಕಾಣುವ 89 ಗಿಗಾಹರ್ಟ್ಸ್ ಚಾನೆಲಿನಿಂದ ನೆಲದ ಗುಣವನ್ನು ಅದೇ ಹೊತ್ತಿಗೆ ಅಂದಾಜಿಸಿ, ಆಮೇಲೆ ತೇವದ ಲೆಕ್ಕಕ್ಕೆ ಇಳಿಯುವ ವಿಧಾನ ಇದೆ. ಸಾಕಷ್ಟು ಕೆಲಸ ಮಾಡುತ್ತದೆ. ಇನ್ನೂ ಆಗಬೇಕಾದದ್ದು ಬಹಳ ಇದೆ. ಇಲ್ಲಿ ಕೂತಿರುವ ಎಂಎಸ್ಸಿ ಮಕ್ಕಳಲ್ಲಿ ಒಬ್ಬರಾದರೂ ಇದನ್ನು ಕೈಗೆತ್ತಿಕೊಂಡರೆ ನನಗೆ ತುಂಬ ಸಂತೋಷ.

ಇನ್ನೊಂದು ಆತಂಕ. 23.8 ಗಿಗಾಹರ್ಟ್ಸ್ ಹತ್ತಿರ ನೀರಾವಿಯನ್ನು ನೋಡುವ ಚಾನೆಲ್ ಇದೆ. ಅದರ ಪಕ್ಕದಲ್ಲೇ, 26 ಗಿಗಾಹರ್ಟ್ಸ್ ಸುತ್ತಲಿನ ಪಟ್ಟಿ 5ಜಿ ಫೋನುಗಳಿಗೆ ಹೋಗಿದೆ. ನಮ್ಮ ದೇಶದಲ್ಲೂ 2022ರಲ್ಲಿ ಅದು ಹರಾಜಾಯಿತು. ಗಾಳಿಯ ದನಿ ಬಹಳ ಮೆಲ್ಲನೆಯದು. ಪಕ್ಕದಲ್ಲಿ ಧ್ವನಿವರ್ಧಕ ಹಾಕಿದರೆ ಅದು ಕೇಳಿಸುವುದಿಲ್ಲ. 2019ರಲ್ಲಿ ಈಜಿಪ್ಟಿನಲ್ಲಿ ನಡೆದ ಜಾಗತಿಕ ರೇಡಿಯೊ ಸಮ್ಮೇಳನದಲ್ಲಿ ಪಕ್ಕದ ಪಟ್ಟಿಗೆ ಎಷ್ಟು ಸೋರಬಹುದು ಅಂತ ಮಿತಿ ಹಾಕಿದರು. 2027ರಿಂದ ಇನ್ನೂ ಬಿಗಿಯಾದ ಮಿತಿ ಬರುತ್ತದೆ. ಹವಾಮಾನದವರು ಕೇಳಿದ್ದು ಇದಕ್ಕಿಂತ ಬಿಗಿಯಾದ ಮಿತಿ. ಫೋನು ಬೇಡ ಅಂತ ನಾನು ಹೇಳುತ್ತಿಲ್ಲ. ನೀರಿನ ಅಣು ಯಾವ ಕಂಪನದಲ್ಲಿ ಮಾತಾಡುತ್ತದೆ ಅನ್ನುವುದನ್ನು ಹರಾಜು ಹಾಕಿ ಬದಲಾಯಿಸಲು ಆಗುವುದಿಲ್ಲ. ಫೋನಿನ ಕಂಪನವನ್ನು ಬದಲಾಯಿಸಬಹುದು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತರು. ತಲೆಗೆ ಟವೆಲ್ ಸುತ್ತಿದ್ದರು. "ಸಾರ್, ಮ್ಯಾಲಿನ ಲೆಕ್ಕ ಎಲ್ಲಾ ಸರಿ. ನನ್ನ ಕಾಳು ಈಗ್ಲೂ ಕಣದಾಗೈತೆ. ನಾನೇನ್ ನೋಡ್ಬೇಕು?" ಅಂದರು.

ನಾನು ಹೇಳಿದ್ದು ಇಷ್ಟು. ಯಜಮಾನ್ರೇ, ಮೂರು ದಿನದ ಹಿಂದೆ ಕೇಳಿದ ಮುನ್ಸೂಚನೆಯನ್ನು ಇವತ್ತು ನಂಬಬೇಡಿ. ಮಾದರಿ ದಿನಕ್ಕೆ ಹಲವು ಸಲ ಹೊಸ ಅಳತೆ ತುಂಬಿಕೊಂಡು ತನ್ನ ಮಾತು ತಿದ್ದಿಕೊಳ್ಳುತ್ತದೆ, ಯಾವಾಗಲೂ ತೀರಾ ಇತ್ತೀಚಿನದನ್ನು ನೋಡಿ. ಮಂಗಳವಾರ, ಶುಕ್ರವಾರ ಕೃಷಿ ಹವಾಮಾನ ಸಲಹೆ ಬರುತ್ತದೆ, ಮೇಘದೂತ ಆಪ್‌ನಲ್ಲಿ ಕನ್ನಡದಲ್ಲೇ ಸಿಗುತ್ತದೆ. ಅದು ಯಾವ ವಾರ ಕೊಯ್ಯಬೇಕು ಅನ್ನುವುದಕ್ಕೆ. ಕಾಳು ಕಣದಲ್ಲಿರುವಾಗ ಹವಾಮಾನ ಇಲಾಖೆ ಕೊಡುವ ಮೂರು ಗಂಟೆಯ ಮುನ್ನೆಚ್ಚರಿಕೆ ನೋಡಿ. ಅದು ಮುಖ್ಯವಾಗಿ ರೇಡಾರ್ ಮತ್ತು ಮೋಡದ ಚಿತ್ರ ನೋಡಿ ಹೇಳುವುದು, ಬರೀ ಮಾದರಿಯ ಮಾತಲ್ಲ. ಸಂಜೆ ಮೂಡಣದಲ್ಲಿ ಮೋಡ ಗೋಪುರದ ಹಾಗೆ ಏಳುತ್ತಿದ್ದರೆ ಯಾವ ಆಪ್ ಏನೇ ಹೇಳಲಿ, ತಾಡಪಾಲು ಹೊದಿಸಿ ಮಲಗಿ.

"ತಾಡಪಾಲು ಹರಿದೈತೆ ಸಾರ್, ಇವತ್ತು ಪ್ಯಾಟಿಗೆ ಬಂದಿದ್ದೇ ಅದಕ್ಕೆ" ಅಂದರು ಅವರು. ಅಂಗಡಿ ಬಾಗಿಲು ಹಾಕುವ ಹೊತ್ತಾಗಿತ್ತು. ಅವರನ್ನು ಮೊದಲು ಕಳಿಸಿ, ಉಳಿದ ಪ್ರಶ್ನೆಗಳಿಗೆ ಕೂತೆವು.